ಎಲ್ಲಾ ಬುಟ್ಟೆ ಕಣವ್ವ

ಮೂವತ್ತೊಂದು ವರ್ಷ ನಾನು ಮಕ್ಕಳ ನೋಟುಬುಕ್ಕಿನಲ್ಲಿ 'ಬುಟ್ಟ' ಎಂದು ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ 'ಬಿಟ್ಟ' ಎಂದು ಬರೆದವಳು. ದೊಡ್ಡಗಾಜನೂರಿನ ಕನ್ನಡ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ, ಪುಟ್ಟಬಸಮ್ಮ ಟೀಚರ ಕೆಂಪು ಪೆನ್ನು ಅಂದರೆ ಈಗಲೂ ಕಿವಿ ಮುಟ್ಟಿಕೊಳ್ಳುತ್ತಾರೆ. ತಮಿಳುನಾಡಿನ ಮೂಲೆಯಲ್ಲಿ ಕೂತು ಕನ್ನಡ ಕಲಿಸುವುದೇನು ಹುಡುಗಾಟವೇ? ಆಫೀಸಿನ ಮಾತು ತಮಿಳು, ಮನೆಯ ಮಾತು ಹಕಾರ ನುಂಗಿದ ಕನ್ನಡ. ಇವೆರಡರ ನಡುವೆ ಪುಸ್ತಕದ ಕನ್ನಡವನ್ನು ನಾನೊಬ್ಬಳೇ ಹೊತ್ತು ನಿಂತಿದ್ದೇನೆ ಅಂತ ನನಗೊಂದು ಜಂಬ ಇತ್ತು. ಆ ಜಂಬವನ್ನು ಇಳಿಸಿದವನು ಜೀರಹಳ್ಳಿಯ ಮುರುಗೇಶ. ಊರಿನವರ ಬಾಯಲ್ಲಿ ಸೂಜಿ ಮುರುಗೇಶ.

ನಾನು ರಿಟೈರಾಗಿ ಎರಡು ವರ್ಷವಾಗಿತ್ತು. ಎರಡು ಸಾವಿರದ ಆರನೆಯ ಇಸವಿ. ನನ್ನ ಅಣ್ಣನ ಮಗಳು ಶಿವರಂಜನಿ ಕೊಯಮತ್ತೂರಿನ ಮೆಡಿಕಲ್ ಕಾಲೇಜಿನಿಂದ ಎರಡು ಸೂಟ್‌ಕೇಸು, ಒಂದು ಕಟ್ಟು ಕಾಗದ ಹೊತ್ತುಕೊಂಡು ಗೆಟ್ಟವಾಡಿಯ ನಮ್ಮ ಮನೆಗೆ ಬಂದಿಳಿದಳು. ಒಂದು ವರ್ಷ ಇಲ್ಲೇ ಇದ್ದು ಸಂಶೋಧನೆ ಮಾಡಬೇಕಂತೆ. ಏನು ಸಂಶೋಧನೆ ಎಂದರೆ ನೋವು ಅಂದಳು.

ನಮ್ಮ ಯಜಮಾನರು ಚಿಕ್ಕಬಸಪ್ಪನವರಿಗೆ ನಗು ತಡೆಯಲಾಗಲಿಲ್ಲ. "ಕಣ್ಗೊಬ್ಬ ಡಾಕ್ಟ್ರು, ಅಲ್ಗೊಬ್ಬ ಡಾಕ್ಟ್ರು ಇರದ ಕೇಳಿವ್ನಿ. ನೋವ್ಗೂ ಬ್ಯಾರೆ ಡಾಕ್ಟ್ರವ್ರಾ? ಅಂಗಾರೆ ನಿಮ್ಮತ್ತೆ ನಾಲ್ಗೆಗೂ ಒಬ್ರ ಉಡ್ಕು ಮಗಾ."

"ಮಾಮಾ, ಅದಕ್ಕೆ ಔಷಧಿ ಇನ್ನೂ ಕಂಡುಹಿಡಿದಿಲ್ಲ" ಎಂದಳು ರಂಜು.

ಅವಳು ನನಗೆ ಬಿಡಿಸಿ ಹೇಳಿದ್ದು ಇಷ್ಟು. ವಾಸಿಯಾಗದ ರೋಗ ಬಂದವರಿಗೆ ಕೊನೆಯವರೆಗೆ ನೋವಿಲ್ಲದ ಹಾಗೆ ನೋಡಿಕೊಳ್ಳುವ ಮಾರ್ಫಿನ್ ಎಂಬ ಔಷಧಿ ಇದೆ. ಅದನ್ನು ಇಂಥ ಬೆಟ್ಟದೂರುಗಳಲ್ಲಿ ಮನೆಯವರೇ ಅಳತೆ ತಪ್ಪದೆ ಕೊಡುವುದನ್ನು ಕಲಿಯುತ್ತಾರಾ ಎಂದು ನೋಡುವುದು ಒಂದು ಕೆಲಸ. ಅದೇ ಜಾತಿಯ ಔಷಧಿ ಚಟವಾಗಿ ಅಂಟಿಕೊಂಡವರನ್ನು ಅದರಿಂದ ಬಿಡಿಸುವುದು ಇನ್ನೊಂದು ಕೆಲಸ.

"ಒಂದು ಕೈಲಿ ಕೊಡೋದು, ಇನ್ನೊಂದು ಕೈಲಿ ಕಿತ್ಕೊಳ್ಳೋದು. ಚೆನ್ನಾಗಿದೆ ನಿನ್ನ ಓದು" ಎಂದೆ.

"ಎರಡೂ ಒಂದೇ ಗಿಡ ಅತ್ತೆ. ನೀವು ಪಾಯಸಕ್ಕೆ ಅರೆಯೋ ಗಸಗಸೆ ಇದೆಯಲ್ಲ, ಆ ಗಿಡದ ಕಾಯಿಯ ಹಾಲು. ನೋವಿದ್ದವರಿಗೆ ಅದು ಔಷಧಿ. ನೋವು ಹೋದ ಮೇಲೂ ಬೇಕು ಅನ್ನಿಸಿದರೆ ಚಟ."

"ನೋವು ಅಂದರೆ ತಡ್ಕೋಬೇಕು ಕಣೇ. ತಾಳಿದವನು ಬಾಳಿಯಾನು ಅಂತ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಸವೆದಿದೆ."

"ಅಜ್ಜಿ ತಾಳಿದಳು ಅತ್ತೆ. ಬಾಳಿದಳಾ?" ಎಂದಳು.

ನನ್ನ ತಾಯಿ ಇದೇ ಮನೆಯ ನಡುಮನೆಯಲ್ಲಿ ಮೂರು ತಿಂಗಳು ಟವಲ್ಲು ಕಚ್ಚಿಕೊಂಡು ಮಲಗಿದ್ದು ಸತ್ತಳು. ರಂಜುಗೆ ಆಗ ಒಂಬತ್ತು ವರ್ಷ, ಬೇಸಿಗೆ ರಜೆಗೆ ಬಂದಿದ್ದಳು. ಮಗುವಿಗೆ ಏನು ತಿಳಿಯುತ್ತದೆ ಎಂದು ನಾವು ಅವಳನ್ನು ಆಚೆ ಆಡಲು ಕಳಿಸುತ್ತಿದ್ದೆವು. ಎಲ್ಲ ತಿಳಿದಿತ್ತು ಅವಳಿಗೆ. ಆ ದಿನ ನಾನು ಬಾಯಿ ಮುಚ್ಚಿಕೊಂಡು ಅವಳ ಕಾಗದದ ಕಟ್ಟನ್ನು ಎತ್ತಿಕೊಂಡೆ. ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವ ಕೆಲಸ ನನ್ನದಾಯಿತು. ಅವಳ ಕನ್ನಡ ಕೊಯಮತ್ತೂರಿನ ನೀರು ಕುಡಿದ ಕನ್ನಡ, ಹಳ್ಳಿಯವರ ಮಾತು ಅರ್ಧ ತಿಳಿದರೆ ಅರ್ಧ ತಿಳಿಯುತ್ತಿರಲಿಲ್ಲ. ನನಗೆ ಎಲ್ಲ ತಿಳಿಯುತ್ತದೆ ಎಂದು ನಾನು ಅಂದುಕೊಂಡಿದ್ದೆ.

ಕಾಗದದಲ್ಲಿ ಮೊದಲನೆಯ ಪ್ರಶ್ನೆ, 'ತಮ್ಮ ವೇದನೆಯ ತೀವ್ರತೆಯನ್ನು ಸೊನ್ನೆಯಿಂದ ಹತ್ತರವರೆಗೆ ಸೂಚಿಸಿ.' ಓದಿ ನನಗೆ ಖುಷಿಯಾಯಿತು, ತಪ್ಪಿಲ್ಲದ ವಾಕ್ಯ. ಕೇಳಿದವರು ಮಾತ್ರ ಕಣ್ಣು ಕಣ್ಣು ಬಿಟ್ಟರು. ಕೊನೆಗೆ, "ನೋವು ಹತ್ತಕ್ಕೆ ಎಷ್ಟು?" ಎಂದು ಕೇಳತೊಡಗಿದೆ. ಅದು ಇನ್ನೂ ಫಜೀತಿಯಾಯಿತು. ಕೆಮ್ಮಿನ ಜವರಪ್ಪ, "ಅತ್ತಕ್ಕತ್ತೂ ಕೊಟ್ಬುಡಿ ಟೀಚ್ರವ್ವ, ಇಸ್ಕೂಲಲ್ಲಂತೂ ಕೊಡ್ನಿಲ್ಲ" ಎಂದ. ಟೀಚರು ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಅದು ಮಾರ್ಕಲ್ಲದೆ ಇನ್ನೇನು?

ಸಣ್ಣಮ್ಮನನ್ನು ನೋಡಿದ್ದು ಹೀಗೆ ನಾಲ್ಕೈದು ತಿಂಗಳು ಸುತ್ತಿದ ಮೇಲೆ. ಜೀರಹಳ್ಳಿಯಲ್ಲಿ ಒಂಟಿ ಹೆಂಚಿನ ಮನೆ, ಕಾಡಿನ ಅಂಚು. ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಕಳೆ ಕಿತ್ತ ಹೆಂಗಸು. ಗಂಟಲಿನಲ್ಲಿ ಕ್ಯಾನ್ಸರ್ ಬಂದು, ದೊಡ್ಡಾಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಹಗ್ಗದ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು.

"ನೋವು ಹತ್ತಕ್ಕೆ ಎಷ್ಟು ಸಣ್ಣಮ್ಮ?"

"ಎರಡು ಆಕ್ಕಳಿ ಟೀಚ್ರವ್ವ" ಎಂದಳು ಮೆಲ್ಲಗೆ. "ಕೂಲಿಯೋರ್ಗೆ ಎರಡು ಸಾಕು."

ನಾನು ಎರಡು ಎಂದು ಬರೆದೆ. ಎಂಥ ವಿನಯ ಎಂದು ಮೆಚ್ಚಿಕೊಂಡೆ ಕೂಡ. ರಂಜು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಸಣ್ಣಮ್ಮನ ಬೆರಳುಗಳನ್ನು ತೋರಿಸಿದಳು. ಮಂಚದ ಹಗ್ಗವನ್ನು ಹಿಡಿದ ಹಿಡಿತಕ್ಕೆ ಗೆಣ್ಣುಗಳೆಲ್ಲ ಬಿಳಿಚಿಕೊಂಡಿದ್ದವು. ನನ್ನ ಎರಡರ ಪಕ್ಕದಲ್ಲಿ ಅವಳು ಎಂಟು ಎಂದು ಬರೆದಳು. "ನೀವು ಮಾರ್ಕ್ಸ್ ಕೊಡೋಕೆ ಬಂದಿದ್ದೀರಿ ಅಂದ್ಕೊಂಡಿದ್ದಾರೆ ಅತ್ತೆ. ಹೆಚ್ಚು ಕೇಳೋಕೆ ಅವರಿಗೆ ನಾಚಿಕೆ."

ಔಷಧಿ ಕೊಡುವುದಕ್ಕೆ ಅಡ್ಡಿಯೇನಿಲ್ಲ. ಮನೆಯಲ್ಲಿ ಕೊಡುವವರು ಯಾರು ಎಂಬುದೇ ಅಡ್ಡಿ. ಸಣ್ಣಮ್ಮನಿಗೆ ಇದ್ದದ್ದು ಒಬ್ಬನೇ ಮಗ, ಮುರುಗೇಶ. ಕೋಸಿನ ಲಾರಿಗಳಿಗೆ ಮೂಟೆ ತುಂಬುತ್ತಿದ್ದವನು. ಸೊಂಟ ಹಿಡಿದಾಗ ಯಾವನೋ ಡಿಗ್ರಿಯಿಲ್ಲದ ಡಾಕ್ಟರು ನೋವಿನ ಇಂಜೆಕ್ಷನ್ ಹಾಕಿದ. ಹಾಕಿಸಿಕೊಂಡ ದಿನ ಇಬ್ಬರ ಮೂಟೆ ಒಬ್ಬನೇ ಹೊತ್ತ. ಆಮೇಲೆ ದಿನಾ ಹಾಕಿಸಿಕೊಂಡ, ಆಮೇಲೆ ತಾನೇ ಹಾಕಿಕೊಂಡ. ಮನೆಯ ಪಾತ್ರೆ ಹೋಯಿತು, ತಾಯಿಯ ಓಲೆ ಹೋಯಿತು, ಹೆಂಡತಿ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ರಂಜುವಿನ ಎರಡನೆಯ ಪಟ್ಟಿಯಲ್ಲಿ ಅವನೇ ಮೊದಲನೆಯ ಹೆಸರು. ನಾಲಿಗೆಯ ಕೆಳಗೆ ಇಟ್ಟು ಕರಗಿಸುವ ಒಂದು ಮಾತ್ರೆ ಕೊಟ್ಟು, ಸೂಜಿ ಮುಟ್ಟದ ಹಾಗೆ ನಾಲ್ಕೈದು ತಿಂಗಳಿಂದ ಅವನನ್ನು ಹಿಡಿದು ನಿಲ್ಲಿಸಿದ್ದಳು.

ಅಂಥವನ ಕೈಗೆ ಮಾರ್ಫಿನ್ ಬಾಟಲಿ ಕೊಡುವುದೇ? ಕಾಲೇಜಿನ ಕಮಿಟಿಯವರು ಆಗದು ಎಂದರು. ರಂಜು ಎರಡು ಸಲ ಬಸ್ಸು ಹತ್ತಿ ಹೋಗಿ ಜಗಳವಾಡಿದಳು. ಮಗನ ಚಟಕ್ಕೆ ತಾಯಿಗೆ ಯಾಕೆ ಶಿಕ್ಷೆ ಎಂಬುದು ಅವಳ ವಾದ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ವಾರಕ್ಕೊಂದು ಬಾಟಲಿ, ಪ್ರತಿ ಗುರುವಾರ ಅಳತೆ ನೋಡಬೇಕು. ಮುರುಗೇಶ ಒಂದು ತೊಟ್ಟು ಕುಡಿದದ್ದು ಗೊತ್ತಾದರೂ ನಮ್ಮ ತಾಳವಾಡಿ ಸೀಮೆಯ ಕೆಲಸವೇ ನಿಂತುಹೋಗುತ್ತದೆ. ಇನ್ನೂ ಹನ್ನೊಂದು ಮನೆಗಳಲ್ಲಿ ಆ ಔಷಧಿಯಿಂದ ಜನ ನಿದ್ದೆ ಮಾಡುತ್ತಿದ್ದರು.

"ಹುಟ್ಟುಗುಣ ಸುಟ್ಟರೂ ಹೋಗದು ಕಣೇ ರಂಜು. ಬೆಕ್ಕಿನ ಹತ್ತಿರ ಹಾಲು ಕಾಯೋಕೆ ಹೇಳ್ತಿದ್ದೀಯ" ಎಂದೆ.

"ಚಟ ಹುಟ್ಟುಗುಣ ಅಲ್ಲ ಅತ್ತೆ, ಕಾಯಿಲೆ. ನಿಮಗೆ ಬಿ.ಪಿ. ಇದೆ ಅಂತ ನಿಮ್ಮನ್ನ ಉಪ್ಪಿನ ಡಬ್ಬಿಯಿಂದ ದೂರ ಇಟ್ಟಿದ್ದೀವಾ?"

ಇಟ್ಟಿದ್ದರೆ ಒಳ್ಳೆಯದಿತ್ತು ಎಂದು ಯಜಮಾನರು ಒಳಗಿನಿಂದ ಗೊಣಗಿದರು.

ನಾಲ್ಕು ವಾರ ಎಲ್ಲ ಸರಿಯಾಗಿ ನಡೆಯಿತು. ನಾಲ್ಕು ಗಂಟೆಗೊಂದು ಚಮಚ. ಯಾರೂ ನೀರೆಂದು ಕುಡಿಯದಿರಲಿ ಎಂದು ಔಷಧಿಗೆ ತಿಳಿಗುಲಾಬಿ ಬಣ್ಣ ಸೇರಿಸಿದ್ದರು. ಬಾಟಲಿಯ ಮೇಲೆ ಪ್ಲಾಸ್ಟರು ಅಂಟಿಸಿ ದಿನಕ್ಕೊಂದು ಗೆರೆ ಎಳೆದಿದ್ದೆವು. ಸಣ್ಣಮ್ಮ ಈಗಲೂ ಎರಡು ಅನ್ನುತ್ತಿದ್ದಳು, ಆದರೆ ಕೈ ಮಡಿಲಲ್ಲಿ ಬೆಕ್ಕಿನ ಮರಿಯ ಹಾಗೆ ಸುಮ್ಮನೆ ಬಿದ್ದಿರುತ್ತಿತ್ತು. ಒಂದು ದಿನ ನನ್ನ ಸೀರೆಯ ಸೆರಗು ಮುಟ್ಟಿ ನೋಡಿ, ಎಲ್ಲಿ ತೆಗೆದದ್ದು ಎಂದು ಕೇಳಿದಳು. ನೋವಿರುವವರು ಇನ್ನೊಬ್ಬರ ಸೀರೆ ಎಲ್ಲಿಯದೆಂದು ಕೇಳುವುದಿಲ್ಲ. ಅವಳನ್ನು ಕಂಡರೆ ನನಗೆ ನಿಜವಾಗಿ ಪ್ರೀತಿ ಬಂದುಬಿಟ್ಟಿತ್ತು. ಅವಳ ಮಗನ ಮೇಲೆ ಮಾತ್ರ ಒಂದು ಕಣ್ಣಿಟ್ಟೇ ಇದ್ದೆ.

ಐದನೆಯ ಗುರುವಾರ ರಂಜು ಊರಿನಲ್ಲಿರಲಿಲ್ಲ, ಕೊಯಮತ್ತೂರಿಗೆ ಹೋಗಿದ್ದಳು. ಅಂದೇ ಸಂಜೆ ಕಮಿಟಿ ಸೇರುವುದಿತ್ತು, ಇನ್ನಾರು ತಿಂಗಳು ಮುಂದುವರಿಸುವುದೋ ಬೇಡವೋ ಎಂದು. ಜೀರಹಳ್ಳಿಯ ಅಳತೆಯನ್ನು ನಾನು ಫೋನಿನಲ್ಲಿ ತಿಳಿಸಬೇಕಾಗಿತ್ತು. ಹೊಸ ಬಾಟಲಿಯನ್ನು ಬ್ಯಾಗಿನಲ್ಲಿಟ್ಟುಕೊಂಡು, ತಾಳವಾಡಿಯಲ್ಲಿ ಬಸ್ಸು ಬದಲಿಸಿ, ಹನ್ನೊಂದೂವರೆಯ ಹೊತ್ತಿಗೆ ಹೋದೆ.

ಹಳೆಯ ಬಾಟಲಿಯಲ್ಲಿ ಇನ್ನೂ ಒಂದು ದಿನದ್ದು ಮಿಕ್ಕಿರಬೇಕಿತ್ತು. ಗೂಡಿನಲ್ಲಿ ಅದು ತಳ ಕಾಣುವಂತೆ ಖಾಲಿಯಾಗಿ ಕೂತಿತ್ತು. ಸಣ್ಣಮ್ಮ ಮಲಗಿದ್ದಳು. ದಿಂಬಿನ ಮೇಲೆ ಹಾಸಿದ ಟವಲ್ಲಿನ ತುಂಬ ನಸುಗೆಂಪು ಕಲೆ, ಎಲೆಯಡಿಕೆ ಉಗಿದಿದ್ದಾಳೆ ಅಂದುಕೊಂಡೆ. ಮುರುಗೇಶನ ಕಣ್ಣು ಕೆಂಡವಾಗಿತ್ತು, ಮುಖ ಬಾಡಿತ್ತು, ನಿಂತಲ್ಲೇ ತೂಗುತ್ತಿದ್ದ.

ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಒಂದೇ ಉತ್ತರ ಕೇಳಬೇಕು ಎಂದು ಹೊಸ ಮೇಷ್ಟರಿಗೆಲ್ಲ ಪಾಠ ಹೇಳಿದವಳು ನಾನು. ಆ ದಿನ ಗಾಬರಿಯಲ್ಲಿ ಒಂದೇ ಉಸಿರಿಗೆ ಎರಡು ಕೇಳಿದೆ. "ಔಷಧಿ ಏನಾಯ್ತೋ ಮುರುಗೇಶ? ನಿನ್ನ ಮಾತ್ರೆ ನೀನು ತಗೊಳ್ತಿದ್ದೀಯಾ, ಇಲ್ಲಾ ಬಿಟ್ಟೆಯಾ?"

ಅವನು ತಲೆ ತಗ್ಗಿಸಿ, "ಎಲ್ಲಾ ಬುಟ್ಟೆ ಕಣವ್ವ" ಎಂದ. "ಮೊನ್ನಿಂದ ಬುಟ್ಟೆ. ಏನ್ ಮಾಡಕ್ಕಾದ್ದು?"

ನನ್ನ ತಲೆಯೊಳಗಿನ ಕೆಂಪು ಪೆನ್ನು ತನ್ನ ಪಾಡಿಗೆ ತಾನೇ ತಿದ್ದಿಕೊಂಡಿತು. ಬಿಟ್ಟೆ. ಮಾತ್ರೆ ಬಿಟ್ಟ, ಕೊಟ್ಟ ಮಾತು ಬಿಟ್ಟ, ತಾಯಿಯ ಔಷಧಿ ಕುಡಿದು ಮುಗಿಸಿದ. ಕಾಗದ ತೆಗೆದು, ಅವನ ಎದುರಿಗೇ, 'ಮಾತ್ರೆ ಬಿಟ್ಟಿದ್ದಾನೆ. ಬಾಟಲಿ ಖಾಲಿ' ಎಂದು ಬರೆದೆ. ಖಾಲಿ ಬಾಟಲಿಯನ್ನೂ ಎತ್ತಿಕೊಂಡು ಹೊರಟೆ.

"ಒಸ ಬಾಟ್ಲಿ ಕೊಡಕಿಲ್ವಾ ಅವ್ವಾ?" ಎಂದು ಅಂಗಳದವರೆಗೆ ಬಂದ.

"ಡಾಕ್ಟರಮ್ಮ ಬರಲಿ, ಆಮೇಲೆ ನೋಡೋಣ."

"ಈಗ ಅನ್ನೊಂದ್ಗಂಟೆದು ಆಗ್ಯದೆ. ಮೂರ್ಗಂಟೆ ಗಂಟ ತಡೀತದೆ. ಆಮೇಕೆ ಅವ್ವನ್ಗೆ..."

"ಒಂದು ದಿನ ತಾಳಲಿ" ಎಂದೆ. ಈ ಮಾತನ್ನು ಆಡಿದ ನಾಲಿಗೆಯನ್ನು ಆಮೇಲೆ ನಾನೇ ಎಷ್ಟು ಸಲ ಕಚ್ಚಿಕೊಂಡಿದ್ದೇನೆಂದು ಯಜಮಾನರಿಗೂ ಹೇಳಿಲ್ಲ. ಅವನು ಬಾಗಿಲ ಕಂಬ ಹಿಡಿದು ನಿಂತ.

ತಾಳವಾಡಿಯ ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿದಾಗ ಎರಡೂವರೆ. ಹೇಳುವಾಗ ನನಗೆ ಅಳುವೇ ಬಂತು. "ಮುಳುಗಿತು ಕಣೇ ರಂಜು. ಅವನು ಕುಡಿದು ಮುಗಿಸಿದ್ದಾನೆ. ಬಾಯಿ ಬಿಟ್ಟು ಅವನೇ ಒಪ್ಪಿಕೊಂಡ."

"ಏನಂದ ಅತ್ತೆ? ಅವನು ಆಡಿದ ಮಾತನ್ನೇ ಹೇಳಿ."

"ಎಲ್ಲಾ ಬಿಟ್ಟೆ, ಮೊನ್ನೆಯಿಂದ ಬಿಟ್ಟೆ ಅಂದ."

"ಬಿಟ್ಟೆ ಅಂದನಾ, ಬುಟ್ಟೆ ಅಂದನಾ?"

"ಎರಡೂ ಒಂದೇ ಅಲ್ಲವೇನೇ? ಅವನ ಬಾಯಲ್ಲಿ ಬಿಟ್ಟೆ ಬರೋದಾದರೂ ಎಲ್ಲಿಂದ?"

"ಅತ್ತೆ" ಎಂದಳು. "ಮೊನ್ನೆ ಅವನು ಅಂಗಡಿ ಫೋನಿನಿಂದ ನನಗೆ ಮಾಡಿದ್ದ. ಅವ್ವ ನುಂಗ್ತಾ ಇಲ್ಲ, ಚಮಚದಲ್ಲಿ ಕೊಟ್ಟರೆ ಎಲ್ಲಾ ಆಚೆಗೆ ಬರ್ತದೆ, ಏನು ಮಾಡಲಿ ಅಂತ ಅಳ್ತಿದ್ದ. ನಾನೇ ಹೇಳಿದೆ, ಚಮಚ ಬೇಡ, ಕೂಸಿಗೆ ಹಾಲು ಬಿಡೋ ಹಾಗೆ ಕೆನ್ನೆಯ ಒಳಗೆ ತೊಟ್ಟು ತೊಟ್ಟಾಗಿ ಬಿಡು, ಚೆಲ್ಲಿದರೆ ಚೆಲ್ಲಿದಷ್ಟನ್ನ ಮತ್ತೆ ಬಿಡು ಅಂತ. ಬಿಡು ಅನ್ನೋ ಮಾತು ನನ್ನದು. ಈ ಕಮಿಟಿ ಗಲಾಟೆಯಲ್ಲಿ ನಿಮಗೆ ಹೇಳೋದು ಮರೆತೆ."

ನಾನು ಬೂತಿನ ಗಾಜಿಗೆ ಒರಗಿ ನಿಂತೆ. ಕಣ್ಣಿಗೆ ಔಷಧಿ ಬಿಡುತ್ತೇವೆ, ಕಿವಿಗೆ ಎಣ್ಣೆ ಬಿಡುತ್ತೇವೆ, ಕೂಸಿನ ಬಾಯಿಗೆ ಹಾಲು ಬಿಡುತ್ತೇವೆ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಮುರುಗೇಶನ ಬಾಯಿಂದ ಬಂದಾಗ ಮಾತ್ರ ನನಗೆ ಒಂದೇ ಅರ್ಥ ಕೇಳಿಸಿತ್ತು.

"ಟವಲ್ಲಿನ ಮೇಲೆ ಕಲೆ ಇತ್ತಾ ಅತ್ತೆ?"

"ಇತ್ತು. ಎಲೆಯಡಿಕೆ ಉಗಿದದ್ದು..."

"ಗಂಟಲಿನ ಕ್ಯಾನ್ಸರಿನವರು ಎಲೆಯಡಿಕೆ ಹೇಗೆ ಹಾಕ್ತಾರೆ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಮೂವತ್ತೊಂದು ವರ್ಷ ಇನ್ನೊಬ್ಬರ ಮಕ್ಕಳಿಗೆ ಆ ಗಾದೆ ಹೇಳಿ ನಕ್ಕವಳು ನಾನು.

"ಹೊಸ ಬಾಟಲಿ ಕೊಟ್ಟು ಬಂದಿದ್ದೀರಿ ತಾನೇ?" ಎಂದಳು ರಂಜು. ಬಾಟಲಿ ನನ್ನ ಬ್ಯಾಗಿನಲ್ಲಿತ್ತು. ಇಲ್ಲ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಮೂರಕ್ಕೆ ನೋವು ಶುರುವಾಗ್ತದೆ. ಹೋಗಿ ಅತ್ತೆ" ಎಂದು ಮಾತ್ರ ಹೇಳಿದಳು. "ಕಮಿಟಿಗೆ ಜೀರಹಳ್ಳಿ ಅಳತೆ ಇನ್ನೂ ಬಂದಿಲ್ಲ ಅಂತೀನಿ."

ಜೀರಹಳ್ಳಿಯ ಬಸ್ಸು ಹೊರಟುಹೋಗಿತ್ತು. ಇನ್ನೊಂದು ಐದಕ್ಕೆ. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಕೋಸು ತುಂಬಲು ಹೊರಟ ಖಾಲಿ ಲಾರಿಯೊಂದು ನಿಂತಿತ್ತು. ನಾನು ಹೋಗಿ ಬಾಗಿಲು ಬಡಿದೆ. ಡ್ರೈವರ್ ಮಾದು ನನ್ನ ಹಳೆಯ ವಿದ್ಯಾರ್ಥಿ. ನಾಲ್ಕನೇ ಕ್ಲಾಸಿನಲ್ಲಿ ಅವನ ಕಿವಿ ಹಿಂಡಿದ್ದು ನನಗೇ ನೆನಪಿದೆ, ಅವನಿಗೆ ಇರದಿರುತ್ತದೆಯೇ?

"ಟೀಚ್ರವ್ವಾ! ಲಾರಿಗಾ?" ಎಂದು ಬೀಡಿ ಎಸೆದ.

"ಕೈ ಕೊಡೋ, ಹತ್ತಿಸ್ಕೋ. ಜೀರಹಳ್ಳಿ. ಮುರುಗೇಶನ ಮನೆ."

"ಸೂಜಿ ಮುರುಗೇಸನ್ ಮನ್ಗಾ? ಅವ ಸೂಜಿಯ ಬುಟ್ನಲ್ಲವ್ವ, ಆರ್ ತಿಂಗ್ಳಾಯ್ತು. ಲೋಡಿಂಗ್ಗೆ ಎಷ್ಟ್ ಕರುದ್ರೂ ಬರ್ನಿಲ್ಲ. ಅವ್ವನ್ ಬುಟ್ಟು ಎಲ್ಗೂ ಬರಕಿಲ್ಲ ಅಂತಾನೆ."

ಬುಟ್ನಲ್ಲವ್ವ, ಬುಟ್ಟು. ನನ್ನ ಬ್ಯಾಗಿನಲ್ಲಿ ಕೆಂಪು ಪೆನ್ನು ಇತ್ತು. ನಾನು ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದೆ. ಕಾಡಿನ ರಸ್ತೆಯಲ್ಲಿ ಒಂದು ಕಡೆ ಆನೆಯ ಲದ್ದಿ ಹಬೆಯಾಡುತ್ತಿತ್ತು, ಮಾದು ನಿಧಾನ ಮಾಡಿದ. ನಿಧಾನ ಮಾಡಬೇಡ, ಆನೆಗೆ ನಾನು ಹೇಳಿಕೊಳ್ಳುತ್ತೇನೆ ಎಂದು ರೇಗಿದೆ.

ಮನೆಗೆ ಮುಟ್ಟಿದಾಗ ನಾಲ್ಕು ಗಂಟೆ. ಅಂಗಳದಲ್ಲೇ ನರಳಾಟ ಕೇಳಿಸಿತು. ನನ್ನ ತಾಯಿಯ ನರಳಾಟವೂ ಹೀಗೇ ಇತ್ತು, ಹದಿನೆಂಟು ವರ್ಷವಾದ ಮೇಲೆ ಮತ್ತೆ ಕೇಳಿದೆ. ಸಣ್ಣಮ್ಮ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಮುರುಗೇಶ ಅವಳ ಪಾದಗಳನ್ನು ತನ್ನ ಎದೆಗೆ ಒತ್ತಿಕೊಂಡು ಕೂತಿದ್ದ. ಯಾವ ಪ್ರಯೋಜನಕ್ಕೂ ಅಲ್ಲ, ಬೇರೇನು ಮಾಡಬೇಕೋ ತೋಚದೆ.

ನಾನು ಅಭ್ಯಾಸಬಲದಿಂದ, "ಎಷ್ಟು ಸಣ್ಣಮ್ಮ?" ಎಂದೆ.

ಅವಳು ಸೆರಗು ಬಿಟ್ಟು, "ಒಂಬತ್ತು ಆಕ್ಕಳಿ ಟೀಚ್ರವ್ವ" ಎಂದಳು. ತಪ್ಪು ಮಾಡಿದವಳ ಹಾಗೆ ಹೇಳಿದಳು.

ಮುರುಗೇಶ ಬಾಟಲಿ ನೋಡಿ ಎದ್ದ. ಒಲೆಯ ಹತ್ತಿರ ಮುಚ್ಚಿಟ್ಟಿದ್ದ ಒಂದು ಹಿತ್ತಾಳೆಯ ಒಳಲೆ ತಂದ, ಕೂಸುಗಳಿಗೆ ಹಾಲು ಕುಡಿಸುವ ಕೊಕ್ಕಿನ ಬಟ್ಟಲು. ಮನೆಯ ಪಾತ್ರೆಯನ್ನೆಲ್ಲ ಸೂಜಿಗೆ ಸುರಿದವನು ಅದೊಂದನ್ನು ಹೇಗೆ ಉಳಿಸಿದ್ದನೋ. "ನಂಗೆ ಆಲು ಬುಟ್ಟಿದ್ದು ಇದ್ರಲ್ಲೇಯ" ಎಂದ. ಔಷಧಿಯನ್ನು ಅಳೆದು ಒಳಲೆಗೆ ಹಾಕಿದ. ಎತ್ತಿದ ಕೈ ಗಡಗಡ ನಡುಗಿ ಒಂದು ತೊಟ್ಟು ಚಾಪೆಯ ಮೇಲೆ ಬಿತ್ತು. ಎರಡು ರಾತ್ರಿಯ ನಿದ್ದೆಯಿರಲಿಲ್ಲ ಆ ಕೈಗೆ.

"ನಂಗಾಗಕಿಲ್ಲ ಅವ್ವಾ. ನೀವೇ ಬುಡಿ."

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾಲ್ಕು ವಾರ ಆ ಮನೆಗೆ ಹೋಗಿ ಬಂದ ನಾನು, ಪ್ರೀತಿ ಪ್ರೀತಿ ಎಂದು ಈಗ ತಾನೇ ಬರೆದ ನಾನು, ಅಲ್ಲಿ ಒಂದು ಲೋಟ ನೀರು ಕುಡಿದಿರಲಿಲ್ಲ. ಸಣ್ಣಮ್ಮನ ಮೈ ಮುಟ್ಟಿರಲಿಲ್ಲ. ಆ ಹೊತ್ತು ಮಂಚದ ಮೇಲೆ ಹತ್ತಿ ಕೂತೆ. ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಒಳಲೆಯ ಕೊಕ್ಕನ್ನು ಕೆನ್ನೆಯ ಒಳಕ್ಕೆ ತೂರಿಸಿ, ಮುರುಗೇಶ ಹೇಳಿಕೊಟ್ಟ ಹಾಗೆ, ತೊಟ್ಟು ತೊಟ್ಟಾಗಿ ಬಿಟ್ಟೆ. "ಈಗ ನಿಲ್ಸಿ. ನುಂಗ್ಲಿ. ಈಗ ಒಸಿ ಬುಡಿ" ಎಂದು ಅವನು ಪಕ್ಕದಲ್ಲಿ ಕೂತು ಪಾಠ ಹೇಳುತ್ತಿದ್ದ. ಅಂಥ ಸಮಾಧಾನದ ಮೇಷ್ಟರನ್ನು ನಾನು ನಮ್ಮ ಶಾಲೆಯಲ್ಲಿ ಕಂಡಿರಲಿಲ್ಲ. ತುಟಿಯ ಮೂಲೆಯಿಂದ ಗುಲಾಬಿ ಬಣ್ಣದ ಗೆರೆ ಇಳಿದು ನನ್ನ ಸೀರೆಯ ಮೇಲೆ ಕಲೆಯಾಯಿತು. ಟವಲ್ಲಿನ ಮೇಲಿದ್ದ ಕಲೆಯದೇ ಬಣ್ಣ.

ಮುಕ್ಕಾಲು ಗಂಟೆಯಾದ ಮೇಲೆ ಅವಳ ಬೆರಳು ಹಗ್ಗವನ್ನು ಸಡಿಲ ಮಾಡಿತು. ಇನ್ನೂ ಸ್ವಲ್ಪ ಹೊತ್ತಿಗೆ ನಿದ್ದೆ ಬಂತು. ಮುರುಗೇಶ ಗೂಡಿನಿಂದ ತನ್ನ ಮಾತ್ರೆಯ ಹಾಳೆ ತಂದು ತೋರಿಸಿದ. ಆ ಗುರುವಾರಕ್ಕೆ ಎಷ್ಟು ಉಳಿದಿರಬೇಕೋ ಅಷ್ಟು ಉಳಿದಿತ್ತು. ನಾನು ಕೇಳಿರಲಿಲ್ಲ, ಅವನಾಗಿಯೇ ತೋರಿಸಿದ.

"ಬೆಳಿಗ್ಗೆ ಯಾಕೋ ಹೇಳಲಿಲ್ಲ ನೀನು? ಎರಡು ಮಾತು ಜೋರಾಗಿ ಆಡಬಾರದಿತ್ತಾ?"

"ಏಳ್ದೆನಲ್ಲವ್ವ, ಬುಟ್ಟೆ ಅಂತ. ನೀವು ಬರ್ಕೊಂಡ್ರಿ. ಬರ್ಕೊಂಡ್ ಮ್ಯಾಲೆ ಸರ್ಕಾರ್ದೋರ್ ಇರ್ಲಿ ನೀವಿರ್ಲಿ, ನಮ್ ಮಾತೆಲ್ಲಿ ನಡೀತದೆ?"

"ತಪ್ಪಾಯ್ತು ಕಣಪ್ಪ ಮುರುಗೇಶ" ಎಂದೆ. ನನ್ನ ಜೀವಮಾನದಲ್ಲಿ ನಾನು ಯಾರಿಗೂ ಆಡದ ಮಾತು ಅದು. ಯಜಮಾನರನ್ನು ಬೇಕಾದರೆ ಕೇಳಿ.

"ಬುಡಿ ಅವ್ವಾ" ಎಂದ ಅವನು, ಗೋಡೆಗೆ ಒರಗಿ ಕಣ್ಣು ಮುಚ್ಚುತ್ತ. "ಬುಡಿ ಅದ್ನೆಲ್ಲಾವ."

ಒಂದೇ ಮಾತು ಅವನ ಬಾಯಲ್ಲಿ ಎಷ್ಟೊಂದು ಕೆಲಸ ಮಾಡುತ್ತದೆ ಎಂದು ನಾನು ಸುಮ್ಮನೆ ಕೂತು ಯೋಚಿಸಿದೆ. ತಾಯಿಯೂ ಮಗನೂ ನಿದ್ದೆ ಹೋಗಿದ್ದರು. ಗುಡಾಣದಿಂದ ಒಂದು ಲೋಟ ನೀರು ಮೊಗೆದುಕೊಂಡು ಕುಡಿದೆ.

ಕಮಿಟಿಯವರು ಮಾರನೆಯ ದಿನ, ಚೆಲ್ಲಿದ ಔಷಧಿಯದೂ ಉಳಿದ ಮಾತ್ರೆಯದೂ ನಾನು ಫೋನಿನಲ್ಲಿ ಕೊಟ್ಟ ಲೆಕ್ಕವನ್ನು ರಂಜುವಿನಿಂದ ಕೇಳಿ ಆರು ತಿಂಗಳು ಮುಂದುವರಿಸಿ ಎಂದರು. ಸಣ್ಣಮ್ಮ ಆಮೇಲೆ ಮೂವತ್ತೆಂಟು ದಿನ ಇದ್ದಳು. ಕೊನೆಯ ಗುರುವಾರ, "ಹತ್ತಕ್ಕೆ ಎಷ್ಟು?" ಎಂದಾಗ ನನ್ನ ಮುಖವನ್ನು ನೋಡಿ, ತುಂಟತನದಿಂದಲೇ ಅನ್ನಬೇಕು, "ಪೇಲು ಮಾಡ್ಬುಡಿ ಟೀಚ್ರವ್ವ" ಎಂದಳು. ಸೊನ್ನೆ ಕೊಟ್ಟು ನಾನು ಖುಷಿಪಟ್ಟದ್ದು ಅದೊಂದೇ ಸಲ.

ಮಣ್ಣು ಮಾಡಿದ ಮೂರನೆಯ ದಿನ ಹಾಲುತುಪ್ಪಕ್ಕೆ ರಂಜುವೂ ನಾನೂ ಹೋದೆವು. ಕಾಡಂಚಿನ ಸಮಾಧಿಯ ಹಸಿ ಮಣ್ಣಿನ ಮೇಲೆ ಮುರುಗೇಶ ಅದೇ ಒಳಲೆಯಿಂದ ತೊಟ್ಟು ತೊಟ್ಟಾಗಿ ಹಾಲು ಬಿಟ್ಟ. ತವರಿನಿಂದ ಬಂದಿದ್ದ ಹೆಂಡತಿ ಸ್ವಲ್ಪ ದೂರದಲ್ಲಿ ಮಗುವನ್ನು ಹಿಡಿದು ನಿಂತಿದ್ದಳು. ರಂಜುವಿನ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಅವಳಿಗೆ ಇದ್ದ ಭಯ ನನಗೂ ಗೊತ್ತಿತ್ತು. ಮನೆಯಲ್ಲಿ ಅರ್ಧ ಬಾಟಲಿ ಇತ್ತು, ತಾಯಿ ಇರಲಿಲ್ಲ, ಮೂರು ರಾತ್ರಿ ಕಳೆದಿತ್ತು. ಅವನನ್ನು ಅದರ ಬಗ್ಗೆ ಯಾರು ಕೇಳುವುದು? ನಾನಂತೂ ಕೇಳಲಾರೆ.

ಎಲ್ಲರೂ ಹಿಂದಿರುಗುವಾಗ ಅವನೇ ಹತ್ತಿರ ಬಂದ. ಹೆಗಲ ಟವಲ್ಲಿನ ಗಂಟು ಬಿಚ್ಚಿ ಬಾಟಲಿ ತೆಗೆದು ರಂಜುವಿನ ಕೈಯಲ್ಲಿಟ್ಟ. ಗುಲಾಬಿ ಬಣ್ಣ ಪ್ಲಾಸ್ಟರಿನ ನಾಲ್ಕನೆಯ ಗೆರೆಯಲ್ಲಿ ನಿಂತಿತ್ತು. ಸಣ್ಣಮ್ಮ ಹೋದ ದಿನದ ಗೆರೆ ಅದು.

"ಮಿಕ್ಕಿರದು ಡಾಕ್ಟ್ರವ್ವ. ಬುಡಕ್ಕೆ ಇನ್ಯಾರವ್ರೆ?"

ರಂಜು ಅಲ್ಲೇ ನಿಂತು ಅತ್ತಳು, ಡಾಕ್ಟರು ಎನ್ನುವುದನ್ನು ಮರೆತು. ನಾನು ಬ್ಯಾಗಿನಿಂದ ಸಣ್ಣಮ್ಮನ ಕಾಗದ ತೆಗೆದೆ. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಮಾತ್ರ ಉಳಿದಿತ್ತು, 'ರೋಗಿಗೆ ಅಂತ್ಯದವರೆಗೆ ಔಷಧಿಯನ್ನು ನೀಡಿದವರು ಯಾರು, ಹೇಗೆ?' ಮೊದಲು ಐದನೆಯ ಗುರುವಾರದ ಹಾಳೆಗೆ ಹೋಗಿ, ನಾನು ಬರೆದಿದ್ದ 'ಬಿಟ್ಟಿದ್ದಾನೆ'ಯನ್ನು ಕೆಂಪು ಪೆನ್ನಿನಲ್ಲಿ ಹೊಡೆದೆ. ಆಮೇಲೆ ಕೊನೆಯ ಪುಟಕ್ಕೆ ಬಂದು, ಅದೇ ಪೆನ್ನಿನಲ್ಲಿ, ದುಂಡಗೆ, 'ಮಗ ಬುಟ್ಟ' ಎಂದು ಬರೆದೆ.